ಗೋವಾದಲ್ಲಿ ಬೋಟ್ ಬಾಡಿಗೆಗೆ ಹಿಡಿದು ಸಮುದ್ರದೊಳಗೆ ಗಾಳ ಹಾಕುವುದು ಹೇಗೆ: ಬುಕಿಂಗ್‌ನಿಂದ ಐಸ್ ಡಬ್ಬಿಯವರೆಗೆ

ಡಿಸೆಂಬರ್ ಹತ್ತಿರ ಬಂದರೆ ವಾಸ್ಕೋದಲ್ಲಿರುವ ನಮ್ಮಂಥ ಕನ್ನಡದವರಿಗೆ ಊರಿಂದ ಫೋನ್ ಶುರುವಾಗುತ್ತದೆ. ಹುಬ್ಬಳ್ಳಿಯ ಭಾವ, ಬೆಳಗಾವಿಯ ಗೆಳೆಯ, ಬೆಂಗಳೂರಿನ ಆಫೀಸಿನವರು, ಎಲ್ಲರದೂ ಒಂದೇ ಮಾತು: "ನೀವು ಅಲ್ಲೇ ಇದ್ದೀರಲ್ರೀ, ಡೀಪ್ ಸೀ ಫಿಶಿಂಗಿಗೆ ಒಂದು ಬೋಟ್ ನೋಡಿ ಕೊಡ್ರಿ." ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ಈ ಟ್ರಿಪ್ ಚೆನ್ನಾಗಿ ಆಗುತ್ತೋ ಕೆಡುತ್ತೋ ಅನ್ನೋದು ಮುಕ್ಕಾಲು ಪಾಲು ದಡದ ಮೇಲೇ ತೀರ್ಮಾನವಾಗಿರುತ್ತದೆ. ಅಡ್ವಾನ್ಸ್ ಕಳಿಸುವ ಮೊದಲು ಏನು ಕೇಳಿದಿರಿ, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದಿರಿ, ಗಾಳಿ ನೋಡಿದಿರಾ ಇಲ್ಲವಾ, ಇಷ್ಟೇ. ಮೀನು ಸಿಗೋದು ಬಿಡೋದು ಆಮೇಲಿನ ಮಾತು.

ನಿಮಗೆ ಬೇಕಾದದ್ದು ಯಾವ ಟ್ರಿಪ್?

ಗೋವಾದಲ್ಲಿ ಫಿಶಿಂಗ್ ಅನ್ನೋ ಹೆಸರಲ್ಲಿ ಮೂರು ಬೇರೆ ಬೇರೆ ಸಂಗತಿ ಮಾರುತ್ತಾರೆ.

ಒಂದು, ತಲೆಗಿಷ್ಟು ಅಂತ ದುಡ್ಡು ತೆಗೆದುಕೊಂಡು ಇಪ್ಪತ್ತು ಮೂವತ್ತು ಜನರನ್ನು ತುಂಬಿಕೊಂಡು, ಡಾಲ್ಫಿನ್ ತೋರಿಸಿ, ಗ್ರ್ಯಾಂಡ್ ಐಲ್ಯಾಂಡ್ ಹತ್ತಿರ ನಿಲ್ಲಿಸಿ, ಸ್ನಾರ್ಕೆಲಿಂಗ್ ಮಾಡಿಸಿ, ಊಟ ಹಾಕಿ, ಮಧ್ಯೆ ಅರ್ಧ ಗಂಟೆ ಕೈಗೆ ಒಂದು ತಂಗೂಸಿ ದಾರ ಕೊಟ್ಟು "ಹಾಕಿ ಸಾರ್" ಅನ್ನೋದು. ಮಕ್ಕಳಿಗೆ ಖುಷಿಯಾಗುತ್ತದೆ, ತಪ್ಪೇನಿಲ್ಲ. ಆದರೆ ನೀವು ಅಂಜಲ್ ಹಿಡಿಯುವ ಕನಸು ಇಟ್ಟುಕೊಂಡು ಇದಕ್ಕೆ ಹೋದರೆ ಬೇಜಾರು ಗ್ಯಾರಂಟಿ.

ಎರಡನೆಯದು ನದಿಯೊಳಗಿನ ಗಾಳ. ಮಾಂಡವಿ, ಝುವಾರಿ, ಶಾಪೋರಾ, ದಕ್ಷಿಣದ ಸಾಲ್ ನದಿ. ಗೋವಾದವರು ಚೊಣಕ್ ಅನ್ನೋ ಮೀನು ಇಲ್ಲಿ ಸಿಗುತ್ತದೆ, ಅಲೆ ಇಲ್ಲ, ವಾಂತಿ ಇಲ್ಲ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಮೂರನೆಯದೇ ನಿಜವಾದ ಚಾರ್ಟರ್. ಇಡೀ ಬೋಟು ನಿಮ್ಮದು, ನಾಲ್ಕೈದು ಜನ, ಬೋಟು ನಡೆಸುವ ಒಬ್ಬ ತಾಂಡೇಲ, ಕೈಕೆಲಸಕ್ಕೆ ಒಬ್ಬ ಖಲಾಸಿ, ಬೆಳಗಿನ ಜಾವ ಹೊರಟು ಮಧ್ಯಾಹ್ನವೋ ಸಂಜೆಯೋ ವಾಪಸ್. ಮುಂದೆ ಬರೆದದ್ದೆಲ್ಲ ಇದರ ಬಗ್ಗೆ.

ಆದರೆ ಇಲ್ಲೂ ಒಂದು ವಿಷಯ ತಿಳಿದಿರಲಿ. ಗೋವಾದ ಎದುರಿಗೆ ಸಮುದ್ರದ ತಳ ಬಹಳ ನಿಧಾನವಾಗಿ ಇಳಿಯುತ್ತದೆ. 200 ಮೀಟರ್ ಆಳ ಬೇಕೆಂದರೆ ದಡದಿಂದ ಸುಮಾರು ನೂರು ಕಿಲೋಮೀಟರ್ ಹೋಗಬೇಕು. ಒಂದು ದಿನದ ಬೋಟು ಅಲ್ಲಿಗೆ ಹೋಗಿ ಬರುವುದಿಲ್ಲ. ನೀವು ಗಾಳ ಹಾಕುವುದು ಹೆಚ್ಚೂಕಡಿಮೆ 15ರಿಂದ 50 ಮೀಟರ್ ಆಳದಲ್ಲಿ. ಅದು ಕಡಿಮೆ ಅಲ್ಲ ಬಿಡಿ, ಅಂಜಲ್, ಬರಕುಡಾ, ಟ್ರೆವಲಿ, ಕೆಲವೊಮ್ಮೆ ಕೋಬಿಯಾ, ಬಂಡೆ ಇರುವ ಕಡೆ ಗ್ರೂಪರ್ ಮತ್ತು ಸ್ನ್ಯಾಪರ್, ಎಲ್ಲ ಇಲ್ಲೇ ಇವೆ. ಆಳ ಸಮುದ್ರದ ದೊಡ್ಡ ಮೀನು ಮಾರ್ಲಿನ್ ಹಿಡಿಸುತ್ತೇನೆ ಅಂತ ಯಾರಾದರೂ ಅರ್ಧ ದಿನದ ಟ್ರಿಪ್ ಮಾರಿದರೆ ನಕ್ಕು ಮುಂದೆ ಹೋಗಿ.

ಯಾವಾಗ ಬರಬೇಕು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ ಇದೆ. ಆಗಸ್ಟ್‌ನಲ್ಲಿ ನೂಲು ಹುಣ್ಣಿಮೆಗೆ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡುತ್ತಾರೆ, ಟ್ರಾಲರುಗಳು ಇಳಿಯುತ್ತವೆ. ಆದರೆ ಶೋಕಿಗೆ ಹೋಗುವ ನಮಗೆ ಆ ಸಮುದ್ರ ಅಲ್ಲ. ಸೆಪ್ಟೆಂಬರ್ ಮುಗಿಯುವವರೆಗೂ ಅಲೆ ಎತ್ತರವೇ ಇರುತ್ತದೆ.

ಅಕ್ಟೋಬರ್ ಮಧ್ಯದಿಂದ ಮೇ ಮೊದಲ ವಾರಗಳವರೆಗೆ ಹೋಗಬಹುದು. ಇದರಲ್ಲೂ ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಸಮುದ್ರ ಶಾಂತ. ಮಾರ್ಚ್ ಆದಮೇಲೆ ಬಿಸಿಲು ಹೆಚ್ಚಿದ ಹಾಗೆ ಮಧ್ಯಾಹ್ನದ ವಾಯವ್ಯ ಗಾಳಿ ಜೋರಾಗುತ್ತದೆ, ಹನ್ನೊಂದು ಗಂಟೆಗೆಲ್ಲ ನೀರಿನ ಮೇಲೆ ಬಿಳಿ ನೊರೆ ಏಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬಂದರೆ ಅರ್ಧ ದಿನದ ಟ್ರಿಪ್ ಸಾಕು, ಮಧ್ಯಾಹ್ನದೊಳಗೆ ದಡಕ್ಕೆ ಬಂದುಬಿಡಿ. ಇನ್ನು ಸೀಸನ್‌ನ ಎರಡೂ ತುದಿಗಳಲ್ಲಿ ಚಂಡಮಾರುತದ ಭಯ ಇದ್ದೇ ಇದೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಬಂತು, 2021ರ ಮೇ ತಿಂಗಳಲ್ಲಿ ತೌಕ್ತೆ ಗೋವಾವನ್ನು ಸವರಿಕೊಂಡೇ ಹೋಯಿತು.

ತಿಂಗಳು ಆರಿಸಿದ ಮೇಲೆ ಉಬ್ಬರ ಇಳಿತದ ಪಟ್ಟಿ ನೋಡಿ. ಎರಡು ಕಾರಣಕ್ಕೆ. ನೀರು ಹರಿಯುವಾಗ ಮೀನು ಮೇಯುತ್ತದೆ, ನಿಂತ ನೀರಿನಲ್ಲಿ ಸುಮ್ನೆ ಇರುತ್ತದೆ. ಇನ್ನೊಂದು, ಇಲ್ಲಿನ ನದಿಗಳ ಬಾಯಲ್ಲಿ ಮರಳಿನ ದಿಬ್ಬ ಇವೆ. ಶಾಪೋರಾದಲ್ಲಿ, ಬೆತುಲ್‌ನಲ್ಲಿ, ಅಗ್ವಾದ ಎದುರಿನಲ್ಲಿ. ನೀರು ಇಳಿದಾಗ ಅಲ್ಲಿ ಅಲೆ ಒಡೆಯುತ್ತದೆ. ಹೊರಡುವ ಹೊತ್ತಾಗಲಿ ವಾಪಸ್ ಬರುವ ಹೊತ್ತಾಗಲಿ ಪೂರ್ತಿ ಇಳಿತಕ್ಕೆ ಸಿಕ್ಕಿಕೊಳ್ಳಬಾರದು. ಒಳ್ಳೆ ತಾಂಡೇಲ ಇದನ್ನು ನೋಡಿಕೊಂಡೇ ಸಮಯ ಹೇಳುತ್ತಾನೆ. "ನೀವು ಎಷ್ಟೊತ್ತಿಗೆ ಬೇಕಾದ್ರೂ ಬನ್ನಿ" ಅನ್ನುವವನ ಬಗ್ಗೆ ನನಗೆ ಅನುಮಾನ.

ಎಲ್ಲಿಂದ ಹೊರಡಬೇಕು

ಉತ್ತರ ಗೋವಾದಲ್ಲಿ ಉಳಿದುಕೊಂಡರೆ ಮಾಂಡವಿ ನದಿಯ ಬ್ರಿಟೋನಾ, ನೆರೂಲಿನ ಕೋಕೋ ಬೀಚ್, ಸಿಂಕೆರಿ ಅಥವಾ ಶಾಪೋರಾ ಕಡೆಯಿಂದ. ವಾಸ್ಕೋ, ಬೋಗ್ಮಾಳೊ ಕಡೆಯಿಂದ ಹೊರಟರೆ ಗ್ರ್ಯಾಂಡ್ ಐಲ್ಯಾಂಡ್ ಹತ್ತಿರ, ಅದರ ಸುತ್ತಲಿನ ಬಂಡೆಗಳಲ್ಲಿ ಮೀನು ನಿಲ್ಲುತ್ತದೆ. ದಕ್ಷಿಣದಲ್ಲಿ ಕಾವೆಲೊಸಿಂ ಮತ್ತು ಬೆತುಲ್, ಇನ್ನೂ ಕೆಳಗೆ ಪಾಳೊಳೆಂ.

ನನಗೆ ದಕ್ಷಿಣವೇ ಇಷ್ಟ. ಜಲಕ್ರೀಡೆಯ ಗಲಾಟೆ ಕಡಿಮೆ, ಕಾರವಾರದಿಂದ ಹೆದ್ದಾರಿ 66ರಲ್ಲಿ ಬರುವವರಿಗೂ ಹತ್ತಿರ. ಕಾಣಕೋಣದ ಆಚೆ ಅಂಜದೀವ ದ್ವೀಪದ ಕಡೆ ಮಾತ್ರ ಯಾರೂ ಕರೆದೊಯ್ಯುವುದಿಲ್ಲ, ಕೇಳಲೂ ಬೇಡಿ. ಪಕ್ಕದಲ್ಲೇ ಕಾರವಾರದ ನೌಕಾನೆಲೆ, ಅದು ನಿಷೇಧಿತ ಜಾಗ. ಡ್ರೋನ್ ಹಾರಿಸುವ ಆಸೆಯನ್ನೂ ಮನೆಯಲ್ಲೇ ಬಿಟ್ಟು ಬನ್ನಿ.

ಬೋಟಿನವರನ್ನು ಕೇಳಬೇಕಾದ ಪ್ರಶ್ನೆಗಳು

ಇಲ್ಲಿ ನಾಚಿಕೆ ಬೇಡ. ಫೋನಿನಲ್ಲೇ ಎಲ್ಲ ಕೇಳಿ. ಆಮೇಲೆ ಅದನ್ನೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಮೊದಲ ಪ್ರಶ್ನೆ, ಬೋಟು ಪ್ರವಾಸಿಗರನ್ನು ಒಯ್ಯಲು ನೋಂದಣಿ ಆಗಿದೆಯಾ? ಗೋವಾದಲ್ಲಿ ಇದನ್ನು ನೋಡುವುದು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ಮೀನು ಹಿಡಿಯುವ ದೋಣಿಯ ನೋಂದಣಿ ಬೇರೆ, ಪ್ರಯಾಣಿಕರ ಬೋಟಿನ ಪರವಾನಗಿ ಬೇರೆ. ಜೆಟ್ಟಿಯಲ್ಲಿ ಯಾರೋ ಪರಿಚಯದ ಟ್ರಾಲರಿನವರು "ಬರ್ರಿ, ಕಮ್ಮಿ ದುಡ್ಡಿಗೆ ಕರ್ಕೊಂಡು ಹೋಗ್ತೀನಿ" ಅಂತ ಕನ್ನಡದಲ್ಲೇ ಕರೆಯಬಹುದು, ಗೋವಾದ ಜೆಟ್ಟಿಗಳಲ್ಲಿ ನಮ್ಮ ಕಡೆಯ ಖಲಾಸಿಗಳು ಇದ್ದಾರೆ. ಪ್ರೀತಿಯಿಂದ ಮಾತಾಡಿ, ಚಹಾ ಕುಡಿಸಿ, ಹತ್ತಬೇಡಿ. ಏನಾದರೂ ಆದರೆ ವಿಮೆಯವರು ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ಎರಡನೆಯದು, ಎಂಜಿನ್ ಎಷ್ಟು? ಒಂದೇ ಎಂಜಿನ್ ಇರುವ ಬೋಟಿನಲ್ಲಿ ಇಪ್ಪತ್ತು ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್, ಹೋಗುವುದಕ್ಕೆ ನಾನು ಒಪ್ಪುವುದಿಲ್ಲ. ಎರಡಿರಬೇಕು, ಇಲ್ಲವೇ ಒಂದು ದೊಡ್ಡದು ಮತ್ತು ಜೊತೆಗೆ ವಾಪಸ್ ತರುವಷ್ಟು ಶಕ್ತಿ ಇರುವ ಚಿಕ್ಕದೊಂದು.

ಮೂರನೆಯದು, ವಿಎಚ್‌ಎಫ್ ರೇಡಿಯೋ. ದಡದಿಂದ ದೂರ ಹೋದಂತೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಆಗ ಕೆಲಸಕ್ಕೆ ಬರುವುದು ರೇಡಿಯೋದ 16ನೇ ಚಾನೆಲ್ ಒಂದೇ. "ನನ್ನ ಹತ್ರ ಮೊಬೈಲ್ ಇದೆ" ಅನ್ನೋದು ಉತ್ತರ ಅಲ್ಲ. ಸಿಗ್ನಲ್ ಇರುವವರೆಗೆ ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸರ 1093 ಎರಡನ್ನೂ ನಿಮ್ಮ ಫೋನಿನಲ್ಲಿ ಸೇವ್ ಮಾಡಿ ಇಟ್ಟುಕೊಳ್ಳಿ. ಇದೇ ಮಾತಿಗೆ ಇನ್ನೊಂದು: ವಿದೇಶದಲ್ಲಿರುವ ತಮ್ಮನೋ ಗೆಳೆಯನೋ ಉಪಗ್ರಹ ಫೋನ್ ಅಥವಾ ಉಪಗ್ರಹದಿಂದ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ತರಹದ ಸಾಧನ ತಂದರೆ ಬೇಡ ಅನ್ನಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ, ಗೋವಾದ ವಿಮಾನ ನಿಲ್ದಾಣದಲ್ಲೇ ಜನ ಸಿಕ್ಕಿಬಿದ್ದಿದ್ದಾರೆ.

ಆಮೇಲೆ ಚಿಕ್ಕ ಪ್ರಶ್ನೆಗಳು. ಲೈಫ್ ಜಾಕೆಟ್ ಎಷ್ಟಿವೆ, ಮಕ್ಕಳ ಅಳತೆಯದು ಇದೆಯಾ? ನೆರಳಿದೆಯಾ? ಟಾಯ್ಲೆಟ್ ಇದೆಯಾ? ಈ ಟಾಯ್ಲೆಟ್ ಪ್ರಶ್ನೆಯನ್ನು ಗಂಡಸರ ಗುಂಪು ಯಾವತ್ತೂ ಕೇಳುವುದಿಲ್ಲ, ಹೆಂಡತಿ ಅಕ್ಕ ತಂಗಿಯರು ಜೊತೆಗಿದ್ದರೆ ಎಂಟು ಗಂಟೆ ನೀರಿನ ಮೇಲೆ ಅದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗುತ್ತದೆ.

ಮೀನು ಯಾರದು ಅಂತ ಕೇಳಿ. ಕೆಲವು ಬೋಟಿನವರು ಹಿಡಿದದ್ದೆಲ್ಲ ನಿಮಗೆ ಕೊಡುತ್ತಾರೆ, ಕೆಲವರು ಪಾಲು ಇಟ್ಟುಕೊಳ್ಳುತ್ತಾರೆ, ಕೆಲವರು ಬಿಟ್ಟುಬಿಡಬೇಕು ಅನ್ನುತ್ತಾರೆ. ಯಾವುದೂ ಮೋಸ ಅಲ್ಲ, ಮೊದಲೇ ಗೊತ್ತಿರಬೇಕು ಅಷ್ಟೆ. ಲ್ಯೂರ್, ಅಂದರೆ ಗಾಳ ಕಟ್ಟಿದ ನಕಲಿ ಮೀನು, ಕಳೆದುಹೋದರೆ, ರಾಡ್ ಮುರಿದರೆ ಯಾರು ಕೊಡಬೇಕು ಅಂತಲೂ ಕೇಳಿ. ಒಂದು ಒಳ್ಳೆ ವಿದೇಶಿ ಲ್ಯೂರ್ ಸಾವಿರ ರೂಪಾಯಿ ದಾಟುತ್ತದೆ, ಅಂಜಲ್ ಹಲ್ಲು ಅದನ್ನು ಲೆಕ್ಕಕ್ಕಿಡುವುದಿಲ್ಲ.

ಕೊನೆಗೆ ಹೋದ ವಾರದ ಫೋಟೋ ಕೇಳಿ. ಫೋಟೋದಲ್ಲಿ ಮೀನಿನ ಗಾತ್ರ ನೋಡಬೇಡಿ, ಬೋಟನ್ನು ನೋಡಿ. ಎಲ್ಲ ಫೋಟೋದಲ್ಲೂ ಕಂಬಿ, ಸೀಟು, ಬಣ್ಣ ಒಂದೇ ಇದ್ದರೆ ಸರಿ. ಒಂದೊಂದರಲ್ಲಿ ಒಂದೊಂದು ಬೋಟ್ ಕಂಡರೆ ನೀವು ಮಾತಾಡುತ್ತಿರುವುದು ಏಜೆಂಟ್ ಜೊತೆ. "ನಾಳೆ ಏನು ಸಿಗುತ್ತದೆ?" ಅಂತ ಕೇಳಿದಾಗ "ಗ್ಯಾರಂಟಿ ಇಸ್ವಣ್" ಅಂದವನಿಗಿಂತ "ಹೇಳೋಕಾಗಲ್ಲ, ನೀರು ನೋಡ್ಬೇಕು" ಅಂದವನನ್ನು ನಾನು ನಂಬುತ್ತೇನೆ. ಅಂದ ಹಾಗೆ ನಮ್ಮ ಅಂಜಲನ್ನೇ ಇಲ್ಲಿ ಇಸ್ವಣ್ ಅನ್ನುತ್ತಾರೆ, ಮುಂಬೈ ಕಡೆಯವರಿಗೆ ಅದು ಸುರ್ಮಾಯಿ. ಗ್ರೂಪರ್ ಇಲ್ಲಿ ಗೊಬ್ರೊ, ಬೊಂಡಾಸ್ (ಸ್ಕ್ವಿಡ್) ಇಲ್ಲಿ ಮಾಣ್ಕಿ.

ದುಡ್ಡಿನ ಲೆಕ್ಕ

ದರ ಬೋಟಿನಿಂದ ಬೋಟಿಗೆ, ವಾರದಿಂದ ವಾರಕ್ಕೆ ಬೇರೆ. ಅವರು ಹೇಳಿದ್ದು ಸರಿಯಾ ತಪ್ಪಾ ಅಂತ ಅಳೆಯಲು ಒಂದು ದಾರಿ ಇದೆ, ಎಣ್ಣೆಯ ಲೆಕ್ಕ. ಬೋಟಿನ ಹಿಂದೆ ಹೊರಗೆ ಕೂರಿಸುವ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್ ಪೂರ್ತಿ ವೇಗದಲ್ಲಿ 100 ಎಚ್‌ಪಿಗೆ ಗಂಟೆಗೆ ಸುಮಾರು 38 ಲೀಟರ್ ಕುಡಿಯುತ್ತದೆ. ಅಂಥವು ಎರಡಿದ್ದು, ಮೂರರಲ್ಲಿ ಎರಡು ಪಾಲು ಶಕ್ತಿಯಲ್ಲಿ ಓಡಿಸಿದರೆ ಗಂಟೆಗೆ ಹತ್ತಿರ ಹತ್ತಿರ 50 ಲೀಟರ್. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಅಲ್ಲಿಗೆ 100 ಲೀಟರ್. ಮಧ್ಯೆ ನಾಲ್ಕು ಗಂಟೆ ನಿಧಾನವಾಗಿ ಲ್ಯೂರ್ ಎಳೆಯುತ್ತಾ ಓಡಾಡಿದ್ದಕ್ಕೆ ಇನ್ನೊಂದು 30 ಅಂತ ಹಿಡಿಯಿರಿ. ಲೀಟರಿಗೆ ನೂರು ರೂಪಾಯಿ ಅಂದುಕೊಂಡರೆ 13 ಸಾವಿರ ಬರೀ ಪೆಟ್ರೋಲಿಗೆ ಹೋಯಿತು. ಇದರ ಮೇಲೆ ಇಬ್ಬರ ಸಂಬಳ, ಐಸು, ಎರೆ, ಸಾಮಾನು, ಬೋಟಿನ ಸಾಲದ ಕಂತು.

ಈಗ ಯೋಚಿಸಿ. ಇಡೀ ದಿನದ ಡೀಪ್ ಸೀ ಅಂತ ಹೇಳಿ ಯಾರೋ ಹತ್ತು ಸಾವಿರಕ್ಕೆ ಒಪ್ಪಿದರೆ ಅವರು ಎಷ್ಟು ದೂರ ಹೋಗುತ್ತಾರೆ? ದೀಪಸ್ತಂಭ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಲಂಗರು ಹಾಕುತ್ತಾರೆ. ಎಂಜಿನ್ ಒಳಗೇ ಇರುವ ಡೀಸೆಲ್ ಇನ್‌ಬೋರ್ಡ್ ದೋಣಿ ಅಗ್ಗ, ಆದರೆ ಏಳೆಂಟು ನಾಟ್ (ಗಂಟೆಗೆ 13ರಿಂದ 15 ಕಿಲೋಮೀಟರ್) ವೇಗ, ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ದುಡ್ಡು ಕಡಿಮೆ ಇದ್ದರೆ ಅಂಥ ದೋಣಿಯಲ್ಲಿ ಹತ್ತಿರದ ಬಂಡೆಗಳಲ್ಲಿ ತಳದ ಗಾಳ ಹಾಕಿ, ಚೆನ್ನಾಗಿಯೇ ಇರುತ್ತದೆ.

ಅಡ್ವಾನ್ಸ್ ಕೊಡುವಾಗ ಎರಡು ವಿಷಯ ಬರೆಸಿಕೊಳ್ಳಿ. ಹವಾಮಾನ ಕೆಟ್ಟರೆ ದುಡ್ಡು ವಾಪಸ್ಸಾ ಅಥವಾ ಬೇರೆ ದಿನವಾ? ಹೇಳಿದ ಗಂಟೆಗಳು ಜೆಟ್ಟಿಯಿಂದ ಜೆಟ್ಟಿಗಾ, ಗಾಳ ನೀರಿನಲ್ಲಿರುವ ಹೊತ್ತಾ?

ಹಿಂದಿನ ದಿನ

ಯಶವಂತಪುರದಿಂದ ವಾಸ್ಕೋ ರೈಲಿಗೋ ಶುಕ್ರವಾರ ರಾತ್ರಿಯ ಬಸ್ಸಿಗೋ ಹತ್ತಿ, ಅನಮೋಡ ಅಥವಾ ಚೋರ್ಲಾ ಘಾಟಿನ ತಿರುವುಗಳಲ್ಲಿ ನಿದ್ದೆಗೆಟ್ಟು, ಬೆಳಿಗ್ಗೆ ನೇರ ಜೆಟ್ಟಿಗೆ ಬರುವವರು ಎಷ್ಟೋ ಜನ. ಅವರೇ ಮೊದಲು ವಾಂತಿ ಮಾಡುವವರು. ಒಂದು ದಿನ ಮೊದಲೇ ಬಂದು ಮಲಗಿ. ರಾತ್ರಿ ಫೆನಿ ಬೇಡ, ವಾಪಸ್ ಬಂದಮೇಲೆ ಇದ್ದೇ ಇದೆಯಲ್ಲ.

ಸಮುದ್ರದ ವಾಂತಿಗೆ ನಮ್ಮಲ್ಲಿ ಔಷಧ ಅಂಗಡಿಯಲ್ಲಿ ಅವೋಮಿನ್ ಹೆಸರಿನ ಮಾತ್ರೆ ಸುಲಭವಾಗಿ ಸಿಗುತ್ತದೆ. ಬೇರೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಮಕ್ಕಳು ಡಾಕ್ಟರನ್ನು ಕೇಳದೆ ನುಂಗಬಾರದು. ಮುಖ್ಯ ವಿಷಯ, ತಲೆ ತಿರುಗಿದ ಮೇಲೆ ನುಂಗಿದರೆ ಉಪಯೋಗ ಇಲ್ಲ. ಹೊರಡುವ ಮೊದಲೇ ನುಂಗಿರಬೇಕು. ನಿದ್ದೆ ಬರಿಸುತ್ತದೆ, ಬಿಯರ್ ಜೊತೆ ಸೇರಿದರೆ ಇನ್ನೂ ಕೆಟ್ಟದ್ದು. ಖಾಲಿ ಹೊಟ್ಟೆ ಬೇಡ, ಎಣ್ಣೆ ಪೂರಿಯೂ ಬೇಡ. ಎರಡು ಇಡ್ಲಿ ಸಾಕು.

ಸಂಜೆ ಗಾಳಿ, ಅಲೆ ನೋಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ದಿನವೂ ಕರಾವಳಿಯ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ಉಪಗ್ರಹದಿಂದ ನೀರಿನ ಬಿಸಿ ಮತ್ತು ಹಸಿರು ಪಾಚಿಯ ಪ್ರಮಾಣ ನೋಡಿ, ಮೀನು ಎಲ್ಲಿ ಸೇರಬಹುದು ಅನ್ನುವ ಸೂಚನೆಯನ್ನೂ ಮೀನುಗಾರರಿಗೆ ಅದೇ ಸಂಸ್ಥೆ ಕೊಡುತ್ತದೆ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಬೇರೆ ಇರುತ್ತದೆ, ಅದು ಬಂದಿದ್ದರೆ ಮಾತೇ ಇಲ್ಲ, ರದ್ದು. ನನ್ನ ಅಳತೆ ಹೀಗಿದೆ: ಅಲೆ ಒಂದು ಮೀಟರಿನೊಳಗೆ, ಗಾಳಿ ಹತ್ತು ನಾಟ್ ಒಳಗೆ ಇದ್ದರೆ ಖುಷಿಯಾಗಿ ಹೋಗಿ. ಅಲೆ ಒಂದೂವರೆ ದಾಟಿದರೆ ಮೊದಲ ಸಲದವರು ಬೇಡ. ತಾಂಡೇಲ ಹೋಗೋಣ ಅಂದರೂ ನಿಮಗೆ ಬೇಡ ಅನ್ನುವ ಹಕ್ಕಿದೆ. ತಾಂಡೇಲ ಬೇಡ ಅಂದರೆ ಮಾತ್ರ ನೀವು ಹೋಗೋಣ ಅನ್ನಬಾರದು.

ಬ್ಯಾಗಿಗೆ: ಉದ್ದ ತೋಳಿನ ತೆಳು ಅಂಗಿ, ದಾರ ಕಟ್ಟಿದ ಟೋಪಿ, ಪೋಲರಾಯ್ಡ್ ಕನ್ನಡಕ, ಸನ್‌ಸ್ಕ್ರೀನ್, ಜಾರದ ಮೆತ್ತನೆ ಚಪ್ಪಲಿ, ತಲೆಗೆ ಮೂರು ಲೀಟರ್ ನೀರು, ಆಧಾರ್ ಕಾರ್ಡ್. ಸಮುದ್ರದಲ್ಲಿ ಗಸ್ತಿನವರು ಗುರುತಿನ ಚೀಟಿ ಕೇಳುವುದುಂಟು. ಬಾಳೆಹಣ್ಣು ಮಾತ್ರ ಕೇಳಿ ತನ್ನಿ. ಗಾಳದ ಬೋಟುಗಳಲ್ಲಿ ಬಾಳೆಹಣ್ಣು ಅಪಶಕುನ ಅಂತ ಜಗತ್ತಿನ ಎಷ್ಟೋ ಕಡೆ ನಂಬಿಕೆ ಇದೆ. ನಿಮ್ಮ ಯಾಲಕ್ಕಿ ಬಾಳೆಯ ಚಿಪ್ಪು ನೋಡಿ ತಾಂಡೇಲ ಮುಖ ಸಿಂಡರಿಸಿದರೆ ವಾದ ಮಾಡಬೇಡಿ, ದಡದಲ್ಲೇ ಯಾರಿಗಾದರೂ ಕೊಟ್ಟುಬಿಡಿ.

ನೀರಿನ ಮೇಲೆ

ನದಿಯ ಬಾಯಿ ದಾಟುವವರೆಗೆ ಎಲ್ಲರೂ ಜಾಕೆಟ್ ಹಾಕಿ ಕುಳಿತಿರಿ. ಫೋಟೋ ಆಮೇಲೆ. ಒಳಗೆ ಹೋದ ಮೇಲೂ ಈಜು ಬಾರದವರು ಜಾಕೆಟ್ ತೆಗೆಯಬೇಡಿ. ಹೊಟ್ಟೆ ತೊಳಸಿದರೆ ಬೋಟಿನ ಹಿಂಭಾಗಕ್ಕೆ ಬಂದು ದಿಗಂತ ನೋಡಿ, ಮೊಬೈಲ್ ನೋಡಬೇಡಿ. ವಾಂತಿ ಬಂದರೆ ಗಾಳಿ ಬರುತ್ತಿರುವ ಕಡೆಗೆ ಬೆನ್ನು ಮಾಡಿಕೊಂಡು ಮಾಡಿ, ಪಕ್ಕದವರು ನಿಮ್ಮನ್ನು ನೆನೆಯುತ್ತಾರೆ.

ಮೊದಲ ಕೆಲಸ ಸಾಮಾನ್ಯವಾಗಿ ಟ್ರೋಲಿಂಗ್. ಅಂದರೆ ಬೋಟು ಐದರಿಂದ ಏಳು ನಾಟ್ ವೇಗದಲ್ಲಿ ಹೋಗುತ್ತಿರುತ್ತದೆ, ಹಿಂದೆ ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿ ನಕಲಿ ಮೀನುಗಳು ನೀರಿನೊಳಗೆ ಮುಳುಗಿ ಅಲ್ಲಾಡುತ್ತಾ ಬರುತ್ತಿರುತ್ತವೆ. ತಾಂಡೇಲನ ಕಣ್ಣು ಆಗ ನೀರಿನ ಮೇಲಲ್ಲ, ಹಕ್ಕಿಗಳ ಮೇಲೆ ಇರುತ್ತದೆ. ಹಕ್ಕಿಗಳು ಒಂದೇ ಕಡೆ ಮುಳುಗಿ ಏಳುತ್ತಿವೆ ಅಂದರೆ ಕೆಳಗೆ ಚಿಕ್ಕ ಮೀನಿನ ಗುಂಪಿದೆ, ಅದರ ಕೆಳಗೆ ದೊಡ್ಡವು ಇವೆ. ತೇಲುವ ಮರದ ದಿಮ್ಮಿ, ನೀರಿನ ಬಣ್ಣ ಬದಲಾಗುವ ಗೆರೆ, ಇವನ್ನೂ ನೋಡುತ್ತಾರೆ. ನೀವೂ ನೋಡಿ, ಕಂಡರೆ ಕೂಗಿ ಹೇಳಿ. ಸುಮ್ನೆ ಕೂತು ಚಿಪ್ಸ್ ತಿನ್ನುವವರಿಗಿಂತ ಕಣ್ಣು ಕೊಡುವವರನ್ನು ಬೋಟಿನವರು ಇಷ್ಟಪಡುತ್ತಾರೆ, ಎರಡು ಜಾಗ ಜಾಸ್ತಿ ತೋರಿಸುತ್ತಾರೆ.

ರೀಲ್ ಇದ್ದಕ್ಕಿದ್ದಂತೆ ಕಿರ್ರ್ ಅಂತ ಕೂಗುತ್ತದೆ. ಈಗ ಗಡಿಬಿಡಿ ಬೇಡ. ರಾಡ್ ಯಾರ ಸರದಿ ಅಂತ ಮೊದಲೇ ಚೀಟಿ ಹಾಕಿ ತೀರ್ಮಾನಿಸಿರಬೇಕು, ಇಲ್ಲದಿದ್ದರೆ ಅಣ್ಣ ತಮ್ಮಂದಿರೇ ಜಗಳಕ್ಕೆ ಬೀಳುತ್ತಾರೆ. ಉಳಿದವರು ತಮ್ಮ ದಾರಗಳನ್ನು ಬೇಗ ಸುತ್ತಿಕೊಳ್ಳಿ. ಜೋರಾಗಿ ಎಳೆದು ಗಾಳ ಚುಚ್ಚಿಸುವ ಅಗತ್ಯ ಇಲ್ಲ, ಬೋಟಿನ ವೇಗವೇ ಆ ಕೆಲಸ ಮಾಡಿರುತ್ತದೆ. ಮೀನು ಓಡುವಾಗ ರೀಲ್ ತಿರುಗಿಸಬೇಡಿ, ಓಡಲು ಬಿಡಿ. ನಿಂತಾಗ ರಾಡನ್ನು ನಿಧಾನವಾಗಿ ಮೇಲೆತ್ತಿ, ಕೆಳಗಿಳಿಸುತ್ತಾ ದಾರ ಸುತ್ತಿ, ಮತ್ತೆ ಎತ್ತಿ. ಬಾವಿಯಿಂದ ತುಂಬಿದ ಕೊಡ ಸೇದುವ ಹಾಗೆ, ಒಂದೇ ಸಮ. ರಾಡನ್ನು ನೆಟ್ಟಗೆ ಆಕಾಶಕ್ಕೆ ಹಿಡಿದರೆ ತುದಿ ಮುರಿಯುತ್ತದೆ. ದಾರ ಒಂದು ಕ್ಷಣ ಸಡಿಲವಾದರೂ ಗಾಳ ಬಾಯಿಂದ ಕಳಚುತ್ತದೆ.

ರೀಲಿನ ಬಿಗಿ, ಅಂದರೆ ಡ್ರ್ಯಾಗ್, ದಾರದ ಶಕ್ತಿಯ ಮೂರರಲ್ಲಿ ಒಂದು ಪಾಲಿರಬೇಕು. 30 ಪೌಂಡಿನ ದಾರಕ್ಕೆ 10 ಪೌಂಡ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಕೆಜಿ. ಖಲಾಸಿ ಇಟ್ಟುಕೊಟ್ಟಿದ್ದನ್ನು ಮೀನು ಎಳೆಯುತ್ತಿರುವಾಗ ತಿರುಗಿಸಬೇಡಿ. ಮತ್ತೊಂದು, ಹೆಣೆದ ದಾರವನ್ನು ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬಾರದು. ಬೆರಳನ್ನು ಚಾಕುವಿನ ಹಾಗೆ ಕೊಯ್ಯುತ್ತದೆ. ಅಂಜಲಿಗೆ ಗಾಳದ ಮುಂದೆ ಒಂದು ಗೇಣು ತಂತಿ ಕಟ್ಟಿರಬೇಕು, ಬರೀ ತಂಗೂಸಿಯಾದರೆ ಕಚ್ಚಿ ಕತ್ತರಿಸಿಕೊಂಡು ಹೋಗುತ್ತದೆ.

ಬಿಸಿಲು ಏರಿದ ಮೇಲೆ ಮೇಲಿನ ಮೀನು ಕಚ್ಚುವುದು ಕಡಿಮೆಯಾಗುತ್ತದೆ. ಆಗ ಬಂಡೆ ಹುಡುಕಿ, ಎಂಜಿನ್ ನಿಲ್ಲಿಸಿ, ತಳದ ಗಾಳ. ಸೀಸದ ಗುಂಡು, ಗಾಳಕ್ಕೆ ಬೊಂಡಾಸಿನ ತುಂಡು ಅಥವಾ ಸಿಗಡಿ. ಗುಂಡು ತಳ ಮುಟ್ಟಿದ್ದು ಕೈಗೆ ಗೊತ್ತಾದ ಕೂಡಲೇ ಎರಡು ಮೊಳ ಮೇಲೆತ್ತಿ ಹಿಡಿಯಿರಿ, ಇಲ್ಲದಿದ್ದರೆ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ಗ್ರೂಪರ್ ಕಚ್ಚಿದ ತಕ್ಷಣ ಸಂದಿಗೆ ನುಗ್ಗುತ್ತದೆ, ಮೊದಲ ಐದು ಸೆಕೆಂಡು ದಾರ ಬಿಡಲೇಬಾರದು. ಎಂಜಿನ್ ನಿಂತ ಬೋಟು ಅಡ್ಡಡ್ಡ ತೂಗುವುದರಿಂದ ವಾಂತಿ ಬರುವುದೂ ಈ ಹೊತ್ತಿನಲ್ಲೇ, ಬೆಳಿಗ್ಗೆ ಮಾತ್ರೆ ನುಂಗಿದವರು ಈಗ ನಗುತ್ತಾರೆ.

ಮುಟ್ಟಬಾರದ್ದು, ಬಿಡಬೇಕಾದದ್ದು

ಯಾವ ಮೀನಾದರೂ ಸರಿ, ಖಲಾಸಿ ಹೇಳದೆ ಕೈ ಹಾಕಬೇಡಿ. ರೆಕ್ಕೆಯಲ್ಲಿ ಮುಳ್ಳಿರುವ, ಮೀಸೆಯ ಸಮುದ್ರದ ಬೆಕ್ಕುಮೀನು, ಬಾಲದಲ್ಲಿ ಮುಳ್ಳಿರುವ ತೊರಕೆ, ಎರಡಕ್ಕೂ ವಿಷ ಇದೆ. ಚುಚ್ಚಿದರೆ ಆ ಜಾಗವನ್ನು ಸಹಿಸುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ ಮೀರದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಟ್ಟರೆ ನೋವು ಇಳಿಯುತ್ತದೆ. ಥರ್ಮಾಸಿನಲ್ಲಿ ಬಿಸಿನೀರು ಇರಲಿ, ಚಹಾಕ್ಕೂ ಆಯಿತು. ಹೊಟ್ಟೆ ಬಲೂನಿನಂತೆ ಉಬ್ಬಿಸುವ ಪಫರ್ ಮೀನನ್ನು ತಿನ್ನುವ ಮಾತೇ ಇಲ್ಲ, ಅದರ ವಿಷಕ್ಕೆ ಮದ್ದಿಲ್ಲ. ಸಮುದ್ರದ ಹಾವು ಸಿಕ್ಕರೆ ದಾರ ಕತ್ತರಿಸಿ ಬಿಟ್ಟುಬಿಡಿ. ಗಾಳ ಕೈಗೆ ಚುಚ್ಚಿ ಮುಳ್ಳು ಒಳಗೆ ಹೋಗಿದ್ದರೆ ಕೀಳಬೇಡಿ, ದಾರ ಕತ್ತರಿಸಿ, ಬಟ್ಟೆ ಸುತ್ತಿ, ದಡಕ್ಕೆ ಬಂದು ಆಸ್ಪತ್ರೆಗೆ ಹೋಗಿ. ದೊಡ್ಡದು ಬೇಕಾದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು.

ಕಾನೂನು ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಡಲಾಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲ ಕುದುರೆ, ದೈತ್ಯ ಗ್ರೂಪರ್ ಇವೆಲ್ಲ ರಕ್ಷಿತ ಜೀವಿಗಳು. ಗಾಳಕ್ಕೆ ಬಿದ್ದರೆ ಬೋಟಿನೊಳಗೆ ಎತ್ತಿ ಫೋಟೋ ತೆಗೆಯುವುದೂ ಬೇಡ, ನೀರಿನಲ್ಲೇ ಬಿಡಿಸಿ. ಶಾರ್ಕ್ ಯಾವುದೇ ಇರಲಿ, ಗುರುತು ಹಿಡಿಯಲು ನಮಗೆ ಬರುವುದಿಲ್ಲವಲ್ಲ, ಬಿಟ್ಟುಬಿಡುವುದೇ ಲೇಸು.

ಮೊಳಕೈ ಉದ್ದ ಇಲ್ಲದ ಅಂಜಲನ್ನೂ ಬಿಡಿ. ಆದರೆ ತಳದಿಂದ ಎತ್ತಿದ ಗ್ರೂಪರ್, ಸ್ನ್ಯಾಪರ್‌ಗಳ ಕಥೆ ಬೇರೆ. ಮೂವತ್ತು ನಲವತ್ತು ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಒಳಗಿನ ಗಾಳಿಚೀಲ ಉಬ್ಬಿ ಹೊಟ್ಟೆ ಬಾಯಿಗೆ ಬಂದಿರುತ್ತದೆ. ಬಿಟ್ಟರೂ ಎಷ್ಟೋ ಮೀನು ಬದುಕುವುದಿಲ್ಲ. ಅದಕ್ಕೇ ಎಲ್ಲರ ಊಟಕ್ಕೆ ಆಗುವಷ್ಟು ಸಿಕ್ಕ ಕೂಡಲೇ ತಳದ ಗಾಳ ನಿಲ್ಲಿಸಿ.

ಮೀನನ್ನು ಮನೆ ಮುಟ್ಟಿಸುವುದು

ಇಲ್ಲಿ ಜನ ಬಹಳ ಉಡಾಫೆ ಮಾಡುತ್ತಾರೆ. ಮೀನು ಬೋಟಿಗೆ ಬಂದ ತಕ್ಷಣ ಕಿವಿರಿನ ಹತ್ತಿರ ಕೊಯ್ದು ರಕ್ತ ಹರಿಸಬೇಕು, ನೇರ ಐಸಿಗೆ ಹಾಕಬೇಕು. ಮೀನಿನಷ್ಟೇ ತೂಕದ ಐಸ್ ಬೇಕು. ಟ್ಯೂನಾ, ಬಂಗುಡೆ, ಅಂಜಲ್ ಜಾತಿಯವು ಬಿಸಿಲಿನಲ್ಲಿ ಒಂದೆರಡು ಗಂಟೆ ಬಿದ್ದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಎಷ್ಟು ಬೇಯಿಸಿದರೂ, ಎಷ್ಟು ಖಾರ ಹಾಕಿದರೂ ಅದು ಹೋಗುವುದಿಲ್ಲ. ಮೀನು ಹಿಡಿದುಕೊಂಡು ಹತ್ತು ಜನ ಹತ್ತು ಫೋಟೋ ತೆಗೆಸಿಕೊಳ್ಳುವಾಗ ಇದು ನೆನಪಿರಲಿ. ಎರಡು ಫೋಟೋ, ಐಸ್ ಡಬ್ಬಿ.

ಜೆಟ್ಟಿಗೆ ಬಂದಮೇಲೆ ಬೋಟು ತೊಳೆಯುವ ಖಲಾಸಿಗೆ ಕೈಗೇ ಸ್ವಲ್ಪ ದುಡ್ಡು ಕೊಡಿ, ಮಾಲೀಕರ ಲೆಕ್ಕಕ್ಕೆ ಬಿಡಬೇಡಿ. ಉಳಿದುಕೊಂಡ ಕಡೆ ಅಡುಗೆ ಮಾಡಿಕೊಡುತ್ತಾರಾ ಅಂತ ಹಿಂದಿನ ದಿನವೇ ಕೇಳಿಟ್ಟಿರಿ. ಒಂದು ಮೀನನ್ನು ರವಾ ಫ್ರೈ ಮಾಡಿಸಿ, ತಲೆಯನ್ನು ಕೊಕಂ ಹಾಕಿದ ಸಾರಿಗೆ ಕೊಡಿ.

ಊರಿಗೆ ಒಯ್ಯುವುದಾದರೆ ಹೊಟ್ಟೆ ಕಿವಿರು ತೆಗೆಸಿ, ಇಡಿಯಾಗಿಯೇ ಇಡಿ, ತುಂಡು ಮಾಡಿಸಬೇಡಿ. ಥರ್ಮೋಕೋಲ್ ಡಬ್ಬಿಯಲ್ಲಿ ಕೆಳಗೆ ಪುಡಿ ಐಸ್, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೀನು, ಮೇಲೆ ಮತ್ತೆ ಐಸ್, ಸುತ್ತ ಟೇಪು. ಬೆಳಗಾವಿಗೋ ಹುಬ್ಬಳ್ಳಿಗೋ ಕಾರಿನಲ್ಲಿ ಹೋಗುವವರಿಗೆ ಇಷ್ಟು ಸಾಕು. ಬೆಂಗಳೂರಿನವರು ಘಾಟಿ ಹತ್ತಿ ಆಚೆ ಹೋದಮೇಲೆ ಒಂದು ಸಲ ಡಬ್ಬಿ ಬಿಚ್ಚಿ, ಕರಗಿದ ನೀರು ಚೆಲ್ಲಿ, ಹೊಸ ಐಸ್ ತುಂಬಿ. ಬಸ್ಸಿನಲ್ಲಿ ಹೋಗುವವರು ಹತ್ತುವ ಮೊದಲೇ ಕಂಡಕ್ಟರ್ ಹತ್ತಿರ ಮಾತಾಡಿಕೊಳ್ಳಿ. ಸೋರುವ ಡಬ್ಬಿಯನ್ನು ಯಾವ ಬಸ್ಸಿನವರೂ ಸೇರಿಸುವುದಿಲ್ಲ.